ಬೇಲಿ ಮರೆಯ ಮೇಷ್ಟ್ರು: ಐರ್ಲೆಂಡಿನ ಹಳೆಯ ಹಳ್ಳಿಶಾಲೆಗಳು ಹೇಗೆ ನಡೆಯುತ್ತಿದ್ದವು?

ಐರ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಹೋಗುವ ಪ್ರಾಥಮಿಕ ಶಾಲೆಗಳಲ್ಲಿ ಅನೇಕವುಗಳ ಬೋರ್ಡಿನ ಮೇಲೆ ಊರಿನದೋ ಸಂತರದೋ ಹೆಸರಿನ ಪಕ್ಕ ‘ನ್ಯಾಷನಲ್ ಸ್ಕೂಲ್’ ಎಂದಿರುತ್ತದೆ. ಆ ವ್ಯವಸ್ಥೆ ಹುಟ್ಟಿದ್ದು 1831ರಲ್ಲಿ. ಅದಕ್ಕೆ ಮುಂಚೆ ಏನಿತ್ತು ಎಂದು ಕೇಳಿದರೆ ಅಲ್ಲಿನವರ ಬಾಯಲ್ಲಿ ಥಟ್ಟನೆ ಬರುವ ಉತ್ತರ ‘ಹೆಡ್ಜ್ ಸ್ಕೂಲ್’. ನಾವು ಬೇಲಿಶಾಲೆ ಅನ್ನೋಣ. ಆ ಹೆಸರಿನೊಂದಿಗೆ ಒಂದು ಚಿತ್ರವೂ ಬರುತ್ತದೆ: ಹೊಲದ ಗಿಡಬೇಲಿಯ ಮರೆಯಲ್ಲಿ ಕೂತ ಬರಿಗಾಲ ಮಕ್ಕಳು, ನಡುವೆ ಹರಕು ಕೋಟಿನ ಮೇಷ್ಟ್ರು, ಸಿಪಾಯಿಗಳು ಬಂದರೆ ಕೂಗಲು ರಸ್ತೆಯ ತಿರುವಿನಲ್ಲಿ ಕಾವಲು ನಿಂತ ಒಬ್ಬ ಹುಡುಗ.

ಚಿತ್ರ ಸುಳ್ಳಲ್ಲ. ಆದರೆ ಬೇಲಿಶಾಲೆಗಳು ಬಾಳಿದ ಸುಮಾರು ಒಂದೂವರೆ ಶತಮಾನದಲ್ಲಿ ಅದು ಮೊದಲ ಭಾಗಕ್ಕೆ ಸೇರಿದ್ದು. ಉಳಿದ ಕಾಲದಲ್ಲಿ ಬೇಲಿಗಿಂತ ಮುಖ್ಯವಾಗಿದ್ದದ್ದು ಫೀಸು. ಜನರ ನೆನಪು ಬೇಲಿಯನ್ನು ಉಳಿಸಿಕೊಂಡು ಫೀಸನ್ನು ಹಿಂದಕ್ಕೆ ತಳ್ಳಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರಷ್ಟೇ ಈ ಶಾಲೆಗಳು ಅರ್ಥವಾಗುತ್ತವೆ.

ಬೇಲಿಶಾಲೆ ಎಂದರೆ

ಸರ್ಕಾರವಾಗಲಿ ಚರ್ಚಾಗಲಿ ಜಮೀನ್ದಾರನಾಗಲಿ ನಡೆಸದ, ಒಬ್ಬ ಮೇಷ್ಟ್ರು ತನ್ನ ಹೊಟ್ಟೆಪಾಡಿಗೆ ತಾನೇ ತೆರೆದ, ತಂದೆತಾಯಿ ಕೊಡುವ ಫೀಸಿನಿಂದಲೇ ನಡೆಯುವ ಹಳ್ಳಿಶಾಲೆ. ಇಷ್ಟೇ ಇದರ ಲಕ್ಷಣ. ಬಯಲಲ್ಲಿ ನಡೆದರೂ ಬೇಲಿಶಾಲೆ, ಯಾರದೋ ಕಣಜದಲ್ಲಿ ನಡೆದರೂ ಬೇಲಿಶಾಲೆ. ನಮ್ಮ ಅಜ್ಜಂದಿರ ಕಾಲದ ಕೂಲಿಮಠವನ್ನು ನೆನೆಸಿಕೊಂಡರೆ ಮುಕ್ಕಾಲು ಪಾಲು ತಿಳಿದಂತೆ. ಅಯ್ಯನೋರ ಮನೆಯ ಜಗಲಿ, ಕಾಳುಕಡ್ಡಿಯ ರೂಪದ ಸಂಭಾವನೆ, ಗಟ್ಟಿಯಾಗಿ ಒಪ್ಪಿಸುವ ಮಗ್ಗಿ, ಬೆನ್ನ ಮೇಲೆ ಬೀಳುವ ಛಡಿ, ಎಲ್ಲವೂ ಅಲ್ಲೂ ಇದ್ದವು. ಉಳಿದ ಕಾಲು ಪಾಲಿಗೆ ಕಾರಣ ಕಾನೂನು. ಕೂಲಿಮಠ ನಡೆಸಿದ್ದಕ್ಕೆ ಅಯ್ಯನೋರನ್ನು ಜೈಲಿಗೆ ಹಾಕುತ್ತಿರಲಿಲ್ಲ.

ಪಾಠ ಹೇಳುವುದು ಅಪರಾಧವಾದದ್ದು

ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಕ್ಯಾಥೊಲಿಕ್ ದೊರೆ ಎರಡನೆಯ ಜೇಮ್ಸ್ ಮತ್ತು ಪ್ರೊಟೆಸ್ಟಂಟ್ ದೊರೆ ಮೂರನೆಯ ವಿಲಿಯಂ ನಡುವೆ ನಡೆದ ಯುದ್ಧದ ದೊಡ್ಡ ಕದನಗಳು ಐರ್ಲೆಂಡಿನ ನೆಲದ ಮೇಲೆ ನಡೆದವು. 1691ರಲ್ಲಿ ಜೇಮ್ಸನ ಪಕ್ಷ ಪೂರ್ತಿ ಸೋತಿತು. ದೇಶದ ಬಹುಪಾಲು ಜನ ಕ್ಯಾಥೊಲಿಕರು. ಪಾರ್ಲಿಮೆಂಟು ಮತ್ತು ಭೂಮಿ ಮಾತ್ರ ಅಲ್ಪಸಂಖ್ಯಾತ ಪ್ರೊಟೆಸ್ಟಂಟರ ಕೈಯಲ್ಲಿ. ಸೋತವರು ಮತ್ತೆ ತಲೆಯೆತ್ತದಂತೆ ಆ ಪಾರ್ಲಿಮೆಂಟು ಒಂದರ ಮೇಲೊಂದು ಕಾಯ್ದೆ ತಂದಿತು. ಇವನ್ನು ಒಟ್ಟಾಗಿ ದಂಡನಾ ಕಾಯ್ದೆಗಳು ಎನ್ನುತ್ತಾರೆ. ಭೂಮಿ ಕೊಳ್ಳುವುದು, ಆಯುಧ ಇಟ್ಟುಕೊಳ್ಳುವುದು, ಸರ್ಕಾರಿ ಹುದ್ದೆ ಹಿಡಿಯುವುದು, ಹೀಗೆ ಹಲವು ಬಾಗಿಲುಗಳು ಕ್ಯಾಥೊಲಿಕರಿಗೆ ಮುಚ್ಚಿದವು.

1695ರ ಕಾಯ್ದೆ ಶಿಕ್ಷಣಕ್ಕೆ ಕೈ ಹಾಕಿತು. ಕ್ಯಾಥೊಲಿಕನೊಬ್ಬ ಸಾರ್ವಜನಿಕವಾಗಿ ಶಾಲೆ ನಡೆಸಿದರೆ 20 ಪೌಂಡ್ ದಂಡ, ಮೂರು ತಿಂಗಳ ಸೆರೆವಾಸ. ಮಕ್ಕಳನ್ನು ಓದಲು ಫ್ರಾನ್ಸ್, ಸ್ಪೇನ್ ಮುಂತಾದ ಕ್ಯಾಥೊಲಿಕ್ ದೇಶಗಳಿಗೆ ಕಳಿಸುವುದಕ್ಕೂ ನಿಷೇಧ. 1709ರಲ್ಲಿ ಹಿಡಿದುಕೊಟ್ಟವರಿಗೆ ಬಹುಮಾನ ಗೊತ್ತುಮಾಡಿದರು: ಬಿಷಪ್ ಸಿಕ್ಕರೆ 50 ಪೌಂಡ್, ಶಾಲಾ ಮೇಷ್ಟ್ರು ಸಿಕ್ಕರೆ 10 ಪೌಂಡ್. ಬಡ ರೈತನೊಬ್ಬ ವರ್ಷವಿಡೀ ದುಡಿದರೂ ಕಾಣದಷ್ಟು ಹಣ ಅದು. ನೆರೆಮನೆಯವನೇ ಚಾಡಿ ಹೇಳಿದರೆ ಆಶ್ಚರ್ಯವಿಲ್ಲ. ಮೇಷ್ಟ್ರಿಗೆ ಜಾಗ ಕೊಟ್ಟ ಮನೆಯವನಿಗೂ ತೊಂದರೆ ತಪ್ಪದು. ಪಾಠ ಬೇಲಿಯ ಮರೆಗೆ ಹೋದದ್ದು ಇದಕ್ಕೆ: ಯಾರ ಸೂರೂ ಇಲ್ಲದ ಕಡೆ ನಡೆಸಿದರೆ ಯಾರನ್ನೂ ಹೊಣೆ ಮಾಡುವಂತಿಲ್ಲ. ಬಿಸಿಲಿರುವ ಕಡೆ, ದಾರಿಹೋಕರ ಕಣ್ಣಿಗೆ ಬೀಳದ ದಿಕ್ಕಿನಲ್ಲಿ ಕೂರುತ್ತಿದ್ದರು. ಅಪರಿಚಿತರು ಕಂಡರೆ ಚದುರುತ್ತಿದ್ದರು.

ಓದಲೇಬಾರದು ಎಂಬುದು ಸರ್ಕಾರದ ಹಟವಾಗಿರಲಿಲ್ಲ. ಪ್ರೊಟೆಸ್ಟಂಟ್ ಶಾಲೆಗೆ ಬಂದು ಓದಿರಿ ಎಂಬುದು ಅದರ ಮಾತು. 1733ರಿಂದ ‘ಚಾರ್ಟರ್ ಶಾಲೆ’ಗಳು ತೆರೆದವು. ಕ್ಯಾಥೊಲಿಕ್ ಬಡ ಮಕ್ಕಳನ್ನು ಸೇರಿಸಿಕೊಂಡು ಪ್ರೊಟೆಸ್ಟಂಟರನ್ನಾಗಿ ಬೆಳೆಸುವುದು ಅವುಗಳ ಘೋಷಿತ ಗುರಿ. ಸರ್ಕಾರದ ಹಣ ಧಾರಾಳವಾಗಿ ಹರಿಯಿತು. 1780ರ ದಶಕದಲ್ಲಿ ಜೈಲು ಸುಧಾರಕ ಜಾನ್ ಹವರ್ಡ್ ಹೋಗಿ ನೋಡಿದಾಗ ಕಂಡದ್ದು ಹಸಿದ, ಕಾಯಿಲೆಯ, ದುಡಿಮೆಗೆ ದೂಡಲ್ಪಟ್ಟ ಮಕ್ಕಳು. ಪುಕ್ಕಟೆ ಶಾಲೆ ಹತ್ತಿರವೇ ಇದ್ದರೂ ಹಳ್ಳಿಗರು ದುಡ್ಡು ತೆತ್ತು ಬೇಲಿಶಾಲೆಗೆ ಕಳಿಸಿದ್ದೇಕೆ ಎಂಬುದಕ್ಕೆ ಇಲ್ಲೇ ಉತ್ತರವಿದೆ.

ಕಾಯ್ದೆ ಪುಸ್ತಕದಲ್ಲಿ ಇದ್ದಷ್ಟು ಬಿಗಿಯಾಗಿ ನೆಲದ ಮೇಲೆ ಇರಲಿಲ್ಲ ಎಂಬುದನ್ನೂ ಹೇಳಬೇಕು. 1731ರಲ್ಲಿ ಪಾರ್ಲಿಮೆಂಟಿಗಾಗಿ ಎಣಿಕೆ ಮಾಡಿದವರ ಲೆಕ್ಕಕ್ಕೇ 549 ಕ್ಯಾಥೊಲಿಕ್ ಶಾಲೆಗಳು ಸಿಕ್ಕವು. ಕದ್ದುಮುಚ್ಚಿ ನಡೆಯುವ ಶಾಲೆ ಅಧಿಕಾರಿಗಳ ಪಟ್ಟಿಯಲ್ಲಿ ಇಷ್ಟು ಸಂಖ್ಯೆಯಲ್ಲಿ ಇದೆಯೆಂದರೆ ಅನೇಕ ಕಡೆ ಕಂಡೂ ಕಾಣದಂತೆ ಇದ್ದರು ಎಂದೇ ಅರ್ಥ. ಯುದ್ಧದ ಭೀತಿ ಎದ್ದಾಗ ಬಿಗಿ, ತಣ್ಣಗಾದಾಗ ಸಡಿಲ. 1782ರಲ್ಲಿ ಪ್ರೊಟೆಸ್ಟಂಟ್ ಬಿಷಪ್ಪನ ಪರವಾನಗಿ ಪಡೆದು ಕ್ಯಾಥೊಲಿಕರು ಕಲಿಸಬಹುದು ಎಂದಾಯಿತು. ಹತ್ತು ವರ್ಷ ಕಳೆದ ಮೇಲೆ, 1792ರಲ್ಲಿ, ಪರವಾನಗಿಯ ಷರತ್ತೂ ಹೋಯಿತು.

ಮೂರು ದಿನದಲ್ಲಿ ಎದ್ದ ಶಾಲೆ

ಕಾನೂನಿನ ಹಿಡಿತ ಸಡಿಲಾದಂತೆ ಶಾಲೆ ಬೇಲಿಯಿಂದ ಸೂರಿನಡಿಗೆ ಬಂತು. ಹೆಸರು ಮಾತ್ರ ಹಳೆಯದೇ ಉಳಿಯಿತು. 1776ರಿಂದ ಐರ್ಲೆಂಡಿನಲ್ಲಿ ತಿರುಗಾಡಿದ ಇಂಗ್ಲಿಷ್ ಕೃಷಿತಜ್ಞ ಆರ್ಥರ್ ಯಂಗ್, ಬೇಲಿಶಾಲೆಗಳು ಎಲ್ಲೆಲ್ಲೂ ಇವೆ, ಅವನ್ನು ಹಳ್ಳದ ಶಾಲೆಗಳೆಂದರೂ ನಡೆದೀತು, ಯಾಕೆಂದರೆ ಹಳ್ಳದ ತುಂಬ ವಿದ್ಯಾರ್ಥಿಗಳು ಕೂತದ್ದನ್ನು ತಾನೇ ಕಂಡಿದ್ದೇನೆ ಎಂದು ಬರೆದ. ದೊಡ್ಡ ಗಂಡಸರೂ ಶಾಲೆಯಲ್ಲಿ ಕೂತಿದ್ದರಂತೆ. ವಿಚಾರಿಸಿದರೆ, ಪಾದ್ರಿಗಳಾಗಲು ಓದುತ್ತಿದ್ದಾರೆ ಎಂಬ ಉತ್ತರ ಬಂತು.

ಒಳಗಿನವರ ಸಾಕ್ಷ್ಯವೂ ಇದೆ. ಕಿಲ್ಕೆನಿ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಕ್ಯಾಲನ್ ಊರಿನ ಹಂಫ್ರಿ ಓಸಲಿವನ್ ತಾನೂ ಮೇಷ್ಟ್ರು, ಅವನ ತಂದೆಯೂ ಮೇಷ್ಟ್ರು. 1827ರಿಂದ 1835ರವರೆಗೆ ಅವನು ಐರಿಷ್ ಭಾಷೆಯಲ್ಲಿ ದಿನಚರಿ ಬರೆದ. ತಾನು ಹುಡುಗನಾಗಿದ್ದಾಗ, 1791ರ ಸುಮಾರಿಗೆ, ಊರವರು ತಂದೆಗಾಗಿ ಶಾಲೆ ಕಟ್ಟಿಕೊಟ್ಟದ್ದನ್ನು ಅದರಲ್ಲಿ ನೆನೆಯುತ್ತಾನೆ. ಮೊದಲ ದಿನ ಹುಲ್ಲುಬೇರು ಸಮೇತ ಕಿತ್ತ ಮಣ್ಣಿನ ಹೆಂಟೆಗಳನ್ನು ಪೇರಿಸಿ ಗೋಡೆ. ಎರಡನೆಯ ದಿನ ಮೇಲ್ಛಾವಣಿಯ ಮರಮುಟ್ಟು. ಮೂರನೆಯ ದಿನ ಹುಲ್ಲು ಹೊದಿಕೆ. ಕಟ್ಟಡದ ಕಥೆ ಅಷ್ಟಕ್ಕೆ ಮುಗಿಯಿತು. ಆ ಗುಡಿಸಲಿನಲ್ಲಿ ತಂದೆ ಮಗ ಸೇರಿ ವರ್ಷಗಟ್ಟಲೆ ಪಾಠ ಹೇಳಿದರು.

ಉತ್ತರದ ಟಿರೋನ್ ಕೌಂಟಿಯ ಕತೆಗಾರ ವಿಲಿಯಂ ಕಾರ್ಲಟನ್ (1794–1869) ಓದಿದ ಶಾಲೆಯದ್ದು ಇನ್ನೂ ಚುಟುಕು ವಾಸ್ತುಶಿಲ್ಪ. ರಸ್ತೆಬದಿಯ ಎತ್ತರದ ದಿಬ್ಬವನ್ನು ಕೊರೆದರು; ಹಿಂದಿನ ಗೋಡೆ ಸಿದ್ಧ. ಉಳಿದ ಬದಿಗಳಿಗೆ ಮಣ್ಣಿನ ಹೆಂಟೆ. ಕಿಟಕಿ ಹೆಸರಿಗೆ. ನೆಲದ ಮಧ್ಯೆ ಬೆಂಕಿ, ಚಾವಣಿಯಲ್ಲೊಂದು ತೂತು, ಹೊಗೆ ಮನಸ್ಸಾದರೆ ಅದರಲ್ಲಿ ಹೊರಹೋಗಬೇಕು. ತಿಂಗಳೊಳಗೆ ನೂರಕ್ಕೂ ಹೆಚ್ಚು ಮಕ್ಕಳು ಸೇರಿದರು, ಅವರಲ್ಲಿ ಹುಡುಗಿಯರೂ ಇದ್ದರು. ಚಳಿಗಾಲದಲ್ಲಿ ಪ್ರತಿ ಮಗುವೂ ಪೀಟ್ ತುಂಡುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬರಬೇಕು. ಪೀಟ್ ಎಂದರೆ ಜೌಗು ನೆಲದಿಂದ ಕತ್ತರಿಸಿ ಒಣಗಿಸಿದ ಮಣ್ಣಿನಂಥ ಉರುವಲು. ಅಲ್ಲಿನ ಬಡವರ ಸೌದೆ. ಬೆಂಕಿಯ ಸುತ್ತ ಕೂರಲು ಗುಂಡುಕಲ್ಲುಗಳು. ಎಲ್ಲರಿಗೂ ಸ್ಥಳವಿಲ್ಲದ್ದರಿಂದ ಸರದಿ ಪ್ರಕಾರ ಬೆಂಕಿ ಕಾಯಿಸುವ ಹಕ್ಕು. ಬರೆಯುವವರು ಹಲಗೆಯನ್ನು ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಿದ್ದರು.

ಫೀಸಿನ ಲೆಕ್ಕ

ಫೀಸು ವಿಷಯಕ್ಕೊಂದು ದರ. ಮೂರು ತಿಂಗಳಿಗೊಮ್ಮೆ ಸಂದಾಯ. ಓದುವುದಕ್ಕೆ ಕಡಿಮೆ, ಬರೆಯುವುದಕ್ಕೆ ಸ್ವಲ್ಪ ಹೆಚ್ಚು, ಲೆಕ್ಕಕ್ಕೆ ಇನ್ನೂ ಹೆಚ್ಚು, ಲ್ಯಾಟಿನ್ ಬೇಕಿದ್ದರೆ ಎಲ್ಲಕ್ಕಿಂತ ಮೇಲೆ. ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಓದಿಗೆ ಮೂರು ತಿಂಗಳಿಗೆ 2 ಶಿಲಿಂಗ್ ಆಸುಪಾಸು, ಲೆಕ್ಕಕ್ಕೆ ಅದರ ದುಪ್ಪಟ್ಟು. ಕೂಲಿಯವನ ದಿನದ ಗಳಿಕೆ ಒಂದು ಶಿಲಿಂಗ್ ಮುಟ್ಟುವುದೂ ಕಷ್ಟವಾಗಿದ್ದ ಕಾಲ ಅದು. ಅದರಲ್ಲೂ ಕೂಲಿ ವರ್ಷಪೂರ್ತಿ ಸಿಗುತ್ತಿರಲಿಲ್ಲ.

ಈ ದರಪಟ್ಟಿಯಿಂದಲೇ ತರಗತಿಯ ರೂಪವೂ ನಿರ್ಧಾರವಾಗುತ್ತಿತ್ತು. ಒಂದನೇ ಕ್ಲಾಸು, ಎರಡನೇ ಕ್ಲಾಸು ಎಂಬುದಿಲ್ಲ. ಯಾರ ಮನೆಯವರು ಯಾವುದಕ್ಕೆ ದುಡ್ಡು ಕೊಟ್ಟಿದ್ದಾರೋ ಆ ಮಗುವಿಗೆ ಆ ಪಾಠ. ಒಬ್ಬ ಅಕ್ಷರ ಗುರುತಿಸುತ್ತಿದ್ದಾನೆ, ಪಕ್ಕದವನು ಭಾಗಾಕಾರ ಮಾಡುತ್ತಿದ್ದಾನೆ, ಮೂಲೆಯಲ್ಲಿ ಇನ್ನೊಬ್ಬ ಲ್ಯಾಟಿನ್ ಕವಿ ವರ್ಜಿಲನ ಕಾವ್ಯ ಬಿಡಿಸುತ್ತಿದ್ದಾನೆ. ಎಲ್ಲರೂ ಗಟ್ಟಿಯಾಗಿ. ಮೇಷ್ಟ್ರು ಒಬ್ಬೊಬ್ಬರನ್ನೇ ಕರೆದು ಒಪ್ಪಿಸಿಕೊಳ್ಳುತ್ತಿದ್ದರು. ಆ ಗದ್ದಲ ದೂರದವರೆಗೆ ಕೇಳುತ್ತಿತ್ತು, ಮತ್ತು ಸದ್ದು ನಿಂತರೆ ಮಕ್ಕಳು ಓದುತ್ತಿಲ್ಲ ಎಂದು ಲೆಕ್ಕ.

ನಗದು ಇಲ್ಲದವರು ಬೆಣ್ಣೆ, ಮೊಟ್ಟೆ, ಹಂದಿಮಾಂಸ, ಆಲೂಗಡ್ಡೆ, ಪೀಟ್ ಕೊಡುತ್ತಿದ್ದರು. ದೂರದಿಂದ ಬಂದ ಮೇಷ್ಟ್ರಿಗೆ ಮನೆಮನೆಯ ಸರದಿಯಲ್ಲಿ ಊಟ, ಹಾಸಿಗೆ. ಬಿತ್ತನೆ, ಕೊಯ್ಲು ಬಂದರೆ ಮಕ್ಕಳು ಹೊಲಕ್ಕೆ ಹೋಗುವರು, ಮೇಷ್ಟ್ರ ಆದಾಯಕ್ಕೆ ಕತ್ತರಿ. ಮಕ್ಕಳು ಕಡಿಮೆಯಾದರೆ ಅವನು ಗಂಟುಮೂಟೆ ಕಟ್ಟಿ ಇನ್ನೊಂದು ಊರಿಗೆ ನಡೆಯುತ್ತಿದ್ದ.

ಅಂದರೆ ಮೇಷ್ಟ್ರನ್ನು ಇಟ್ಟುಕೊಳ್ಳುವ, ಬಿಡುವ ಅಧಿಕಾರ ತಂದೆತಾಯಿಗಳದ್ದು. ಇನ್‌ಸ್ಪೆಕ್ಟರ್ ಇಲ್ಲ, ಪಠ್ಯಕ್ರಮ ಇಲ್ಲ. ಮಗು ಕಲಿಯಲಿಲ್ಲವೆಂದರೆ ಮುಂದಿನ ತ್ರೈಮಾಸಿಕಕ್ಕೆ ಹಣ ಇಲ್ಲ. ಬಡವರ ಮೇಲೆ ಯಾರೋ ಕರುಣೆ ತೋರಿ ನಡೆಸಿದ ಶಾಲೆ ಇದಲ್ಲ. ಬಡವರು ತಾವೇ ಖರೀದಿಸಿದ ಶಿಕ್ಷಣ. ನನ್ನ ಮಟ್ಟಿಗೆ ಬೇಲಿಗಿಂತಲೂ ರೋಚಕವಾದ ಸಂಗತಿ ಇದು.

ಕೈಗೆ ಸಿಕ್ಕಿದ್ದೇ ಪಠ್ಯಪುಸ್ತಕ

ಮನೆಯಲ್ಲಿ ಯಾವ ಪುಸ್ತಕವಿದೆಯೋ ಅದನ್ನೇ ಮಗು ತರುತ್ತಿತ್ತು. ಸಂತೆಯಲ್ಲಿ ತಲೆಹೊರೆ ವ್ಯಾಪಾರಿಗಳು ಕೆಲವೇ ಪೆನ್ನಿ ನಾಣ್ಯಗಳಿಗೆ ಮಾರುತ್ತಿದ್ದ ಅಗ್ಗದ ಪುಸ್ತಿಕೆಗಳೇ ಹೆಚ್ಚು: ವೀರಯೋಧರ ಕಥೆಗಳು, ದರೋಡೆಕೋರರ ಜೀವನಚರಿತ್ರೆಗಳು, ಪ್ರೇಮಕಥೆಗಳು, ಸಂತರ ಚರಿತ್ರೆ. ಹದಿನೆಂಟನೆಯ ಶತಮಾನದ ಹೆದ್ದಾರಿ ದರೋಡೆಕೋರ ಜೇಮ್ಸ್ ಫ್ರೆನಿಯ ಆತ್ಮಕಥೆ ಓದಿ ಅಕ್ಷರ ಕಲಿತವರಿದ್ದರು. 1820ರ ದಶಕದ ವಿಚಾರಣಾ ಆಯೋಗ ಕೆಲವು ಕೌಂಟಿಗಳ ಶಾಲೆಗಳಲ್ಲಿ ಸಿಕ್ಕ ಪುಸ್ತಕಗಳ ಉದ್ದ ಪಟ್ಟಿಯನ್ನೇ ಛಾಪಿಸಿ, ಇವುಗಳಿಂದ ಮಕ್ಕಳ ನೀತಿ ಕೆಡುತ್ತದೆ ಎಂದು ಗಾಬರಿಪಟ್ಟಿತು. ಅದೇ ಪಟ್ಟಿಯಲ್ಲಿ ಬೈಬಲ್ಲೂ ಇತ್ತು, ಒಳ್ಳೆಯ ಕಾದಂಬರಿಗಳೂ ಇದ್ದವು. ಆ ಮಾತನ್ನು ಕಡಿಮೆ ಜನ ಎತ್ತುತ್ತಾರೆ.

ಗಣಿತಕ್ಕೆ ಭಾರೀ ಮರ್ಯಾದೆ. ವೋಸ್ಟರ್ ಮತ್ತು ಗಾಫ್ ಎಂಬ ಇಬ್ಬರ ಅಂಕಗಣಿತ ಪುಸ್ತಕಗಳು ಮನೆಮಾತಾಗಿದ್ದವು. ಕಾರಣ ಸರಳ: ಗೇಣಿದಾರರ ದೇಶದಲ್ಲಿ ಭೂಮಿ ಅಳೆಯಲು, ಬಡ್ಡಿ ಲೆಕ್ಕ ಹಾಕಲು, ಸಂತೆಯಲ್ಲಿ ಮೋಸ ಹೋಗದಿರಲು ಲೆಕ್ಕ ಬೇಕು. ಕರಾವಳಿಯ ಕಡೆ ಹಡಗು ನಡೆಸುವ ಗಣಿತವನ್ನೂ ಕಲಿಸುತ್ತಿದ್ದರು. ಗಣಿತದಲ್ಲಿ ಕೈ ಪಳಗಿದ ಮೇಷ್ಟ್ರು ತನ್ನ ಹೆಸರಿನ ಜೊತೆಗೆ ‘ಫಿಲೊಮ್ಯಾತ್’, ಅಂದರೆ ವಿದ್ಯಾಪ್ರಿಯ, ಎಂದು ಸೇರಿಸಿಕೊಳ್ಳುತ್ತಿದ್ದ. ಯಾರೂ ಕೊಡದ, ತಾನೇ ಇಟ್ಟುಕೊಂಡ ಬಿರುದು.

ಲ್ಯಾಟಿನ್ ಕಲಿಸುವ ಶಾಲೆಗಳು ದಕ್ಷಿಣದ ಮನ್‌ಸ್ಟರ್ ಪ್ರಾಂತದಲ್ಲಿ, ಅದರಲ್ಲೂ ಕೆರಿ ಕೌಂಟಿಯಲ್ಲಿ ಹೆಚ್ಚು. ಪಾದ್ರಿಯಾಗಲು ಯುರೋಪಿಗೆ ಹೋಗುವ ಹುಡುಗರಿಗೆ ಅದು ಬೇಕೇಬೇಕಿತ್ತು. 1756ರಲ್ಲಿ ಕೆರಿಯ ಬಗ್ಗೆ ಪುಸ್ತಕ ಬರೆದ ಚಾರ್ಲ್ಸ್ ಸ್ಮಿತ್, ಇಲ್ಲಿ ಪ್ರಾಚೀನ ಕಾವ್ಯಗಳ ಓದು ಬಡವರಲ್ಲೂ ಅತಿಯಾಗಿದೆ, ಉಪಯುಕ್ತ ಕೆಲಸ ಬಿಟ್ಟು ಅದಕ್ಕೆ ಅಂಟಿಕೊಂಡಿದ್ದಾರೆ ಎಂದು ಆಕ್ಷೇಪಿಸಿದ. ಬೇರೆ ಕಡೆಯ ಸಿರಿವಂತರಿಗಿಂತ ಇವರಿಗೇ ಹೆಚ್ಚು ಗೊತ್ತು ಎಂದೂ ಒಪ್ಪಿಕೊಂಡ.

ಇಂಥ ಶಾಲೆ ಹುಡುಕಿಕೊಂಡು ಕಾಲ್ನಡಿಗೆಯಲ್ಲಿ ಹೊರಡುವ ಹುಡುಗನಿಗೆ ‘ಬಡ ವಿದ್ಯಾರ್ಥಿ’ ಎಂಬ ಗೌರವದ ಹೆಸರು. ದಾರಿಯ ಮನೆಗಳವರು ಊಟ, ಮಲಗಲು ಜಾಗ ಕೊಡುತ್ತಿದ್ದರು, ದುಡ್ಡು ಮುಟ್ಟುತ್ತಿರಲಿಲ್ಲ. ಹುಡುಗ ಆ ಮನೆಯ ಮಕ್ಕಳಿಗೆ ಒಂದಿಷ್ಟು ಪಾಠ ಹೇಳಿಕೊಟ್ಟು ಋಣ ತೀರಿಸುತ್ತಿದ್ದ. ಕಾರ್ಲಟನ್ ಕೂಡ ಹೀಗೆ ಟಿರೋನ್‌ನಿಂದ ಮನ್‌ಸ್ಟರಿಗೆ ಹೊರಟ. ಗ್ರಾನಾರ್ಡ್ ಊರಿನ ಛತ್ರದಲ್ಲಿ ತಂಗಿದ ರಾತ್ರಿ ಹುಚ್ಚು ಗೂಳಿಯೊಂದು ಅಟ್ಟಿಸಿಕೊಂಡು ಬಂದಂತೆ ಕನಸು ಬಿತ್ತು. ಅಪಶಕುನ ಎಂದು ಮರುದಿನವೇ ಮನೆಗೆ ವಾಪಸು. ಪಾದ್ರಿ ಆಗಬೇಕಿದ್ದವನು ಕತೆಗಾರನಾದ.

ಮೇಷ್ಟ್ರು ಎಂಥವರು?

ಒಂದೇ ಅಚ್ಚಿನವರಲ್ಲ. ಕೆಲವರು ಐರಿಷ್ ಭಾಷೆಯ ದೊಡ್ಡ ಕವಿಗಳು. ಕ್ಲೇರ್ ಕೌಂಟಿಯ ಫೀಕಲ್‌ನಲ್ಲಿ ಪಾಠ ಹೇಳುತ್ತಿದ್ದ ಬ್ರಯನ್ ಮೆರಿಮನ್, ಗಂಡಸರ ಮೇಲೆ ಹೆಂಗಸರು ಮೊಕದ್ದಮೆ ಹೂಡುವ ಸಾವಿರ ಸಾಲಿನ ವಿನೋದಕಾವ್ಯ ಬರೆದ. ಅದೇ ಮನುಷ್ಯ ಅಗಸೆ ಬೆಳೆದು, ಕೃಷಿಗೆ ಪ್ರೋತ್ಸಾಹ ಕೊಡುತ್ತಿದ್ದ ಡಬ್ಲಿನ್ ಸೊಸೈಟಿಯಿಂದ ಬಹುಮಾನವನ್ನೂ ಗಿಟ್ಟಿಸಿದ.

ಕೆರಿಯ ಓವೆನ್ ರೂವಾ ಓ ಸೂಲವಾನ್ (1748–1784) ಇನ್ನೂ ವಿಚಿತ್ರ. ಹದಿಹರೆಯದಲ್ಲೇ ಶಾಲೆ ತೆರೆದ, ಅದು ಬಹುಕಾಲ ನಿಲ್ಲಲಿಲ್ಲ. ಹೊಲದ ಕೂಲಿಯಾದ, ಬ್ರಿಟಿಷ್ ನೌಕಾಪಡೆಯ ನಾವಿಕನಾದ, 1782ರಲ್ಲಿ ವೆಸ್ಟ್ ಇಂಡೀಸ್ ಸಮುದ್ರದಲ್ಲಿ ಫ್ರೆಂಚರ ವಿರುದ್ಧ ನಡೆದ ಕದನದಲ್ಲೂ ಇದ್ದ. ಊರಿಗೆ ಮರಳಿದ ಮೇಲೆ ಪರಿಚಯದ ಪಾದ್ರಿಗೆ ಪದ್ಯದಲ್ಲೇ ಒಂದು ಅರ್ಜಿ ಬರೆದ: ನಾಕ್ನಗ್ರೀ ಕೂಡುರಸ್ತೆಯಲ್ಲಿ ಶಾಲೆ ತೆರೆಯುತ್ತಿದ್ದೇನೆ, ಭಾನುವಾರದ ಪೂಜೆಯ ಹೊತ್ತಿಗೆ ಜನರಿಗೆ ತಿಳಿಸಿ. ಪತ್ರಿಕೆಯಲ್ಲಿ ಜಾಹೀರಾತು ಕೊಡುವ ಶಕ್ತಿಯಿಲ್ಲದವನಿಗೆ ಚರ್ಚಿನ ಪೀಠವೇ ಜಾಹೀರಾತು ಫಲಕ. ಶಾಲೆ ಬಾಳಲಿಲ್ಲ. 1784ರಲ್ಲಿ ಹೆಂಡದಂಗಡಿಯ ಜಗಳದಲ್ಲಿ ತಲೆಗೆ ಪೆಟ್ಟು ಬಿದ್ದು, ಜ್ವರ ಬಂದು ತೀರಿಕೊಂಡ.

ಕವಿಗಳಲ್ಲದ ಮೇಷ್ಟ್ರುಗಳೇ ಬಹುಪಾಲು. ಊರಿನಲ್ಲಿ ಬರಹ ಬಲ್ಲವನು ಅವನೊಬ್ಬನೇ ಆದ್ದರಿಂದ ಕಾಗದ ಬರೆಯುವುದು, ಗೇಣಿಪತ್ರ ಓದಿ ಹೇಳುವುದು, ಉಯಿಲು ಬರೆಯುವುದು, ಹೊಲ ಅಳೆಯುವುದು ಎಲ್ಲ ಅವನ ಪಾಲಿಗೆ. ಜಮೀನ್ದಾರನಿಗೆ ಬೆದರಿಕೆ ಪತ್ರ ಬಂದರೂ ಮೊದಲ ಸಂಶಯ ಅವನ ಮೇಲೆಯೇ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ 1798ರ ದಂಗೆಯ ಸಮಯದಲ್ಲಿ ಸರ್ಕಾರ ಅನೇಕ ಮೇಷ್ಟ್ರುಗಳನ್ನು ಬಂಡುಕೋರರ ಗುಮಾಸ್ತರೆಂದು ನೋಡಿತು. ಕೆಲವರ ಮಟ್ಟಿಗೆ ಅದು ನಿಜವೂ ಆಗಿತ್ತು.

ಪೈಪೋಟಿ ಜೋರು. ಹೊಸ ಮೇಷ್ಟ್ರು ಬಂದರೆ ಹಳಬನನ್ನು ಬಹಿರಂಗ ವಾದಕ್ಕೆ ಕರೆಯುತ್ತಿದ್ದ, ಸವಾಲಿನ ಚೀಟಿಯನ್ನು ಚರ್ಚಿನ ಬಾಗಿಲಿಗೆ ಅಂಟಿಸುತ್ತಿದ್ದ. ಬಾಯಿ ತುಂಬುವ ಲ್ಯಾಟಿನ್ ಪದಗಳನ್ನು ಇಂಗ್ಲಿಷಿಗೆ ತುರುಕಿ ಮಾತಾಡುವುದು ಪಾಂಡಿತ್ಯದ ಗುರುತು. ಒಳ್ಳೆಯ ಮೇಷ್ಟ್ರನ್ನು ಪಕ್ಕದೂರಿನವರು ರಾತ್ರೋರಾತ್ರಿ ಹೊತ್ತುಕೊಂಡು ಹೋಗುವ ಪ್ರಸಂಗ ಕಾರ್ಲಟನ್ನನ ಕಥೆಯಲ್ಲಿದೆ. ಅದನ್ನು ಕಥೆ ಎಂದೇ ಓದಬೇಕು, ಅವನಿಗೆ ಉಪ್ಪುಖಾರ ಹಚ್ಚುವ ಚಟವಿತ್ತು. ಅವನೇ ಬರೆದ ಇನ್ನೊಂದು ಮುಖವೂ ಇದೆ: ಕುಡುಕ ಮೇಷ್ಟ್ರು, ಕೈಗೆ ಸಿಕ್ಕಿದ್ದರಲ್ಲಿ ಬಾರಿಸುವ ಮೇಷ್ಟ್ರು, ಬಡ ಮಗುವಿಗೆ ಹೊಡೆದು ಉಳ್ಳವರ ಮಗುವನ್ನು ಮುಟ್ಟದ ಮೇಷ್ಟ್ರು.

ಇಂಗ್ಲಿಷು ಯಾರಿಗೆ ಬೇಕಿತ್ತು?

ಬೇಲಿಶಾಲೆಗಳು ಐರಿಷ್ ಭಾಷೆಯನ್ನು ಕಾಪಾಡಿದವು ಎಂದು ಅನೇಕರು ನಂಬಿದ್ದಾರೆ. ಮೇಷ್ಟ್ರು ಐರಿಷ್ ಕವಿಯೇ ಆಗಿರಬಹುದು, ವಿವರಣೆ ಐರಿಷಿನಲ್ಲೇ ನಡೆದಿರಬಹುದು. ಆದರೆ ತಂದೆತಾಯಿ ಹಣ ಕೊಡುತ್ತಿದ್ದದ್ದು ಇಂಗ್ಲಿಷ್ ಓದು ಬರಹಕ್ಕೆ. ಕೋರ್ಟು, ಸಂತೆ, ಗೇಣಿಪತ್ರ, ಅಮೆರಿಕಕ್ಕೆ ಹೋಗುವ ಹಡಗು, ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ಐರಿಷಿನಲ್ಲಿ ಅಚ್ಚಾದ ಪುಸ್ತಕಗಳು ಬೆರಳೆಣಿಕೆ.

ಇದರ ಕಹಿ ರೂಪ ಒಂದು ಕೋಲು. ಮಗುವಿನ ಕುತ್ತಿಗೆಗೆ ದಾರದಲ್ಲಿ ಚಿಕ್ಕ ಕೋಲು ನೇತುಹಾಕುವುದು. ಐರಿಷ್ ಮಾತಾಡಿದಾಗಲೆಲ್ಲ ಅದರ ಮೇಲೊಂದು ಕಚ್ಚು. ಕಚ್ಚುಗಳನ್ನು ಎಣಿಸಿ ಶಾಲೆಯಲ್ಲಿ ಮೇಷ್ಟ್ರ ಶಿಕ್ಷೆ. ಆಸ್ಕರ್ ವೈಲ್ಡನ ತಂದೆ, ವೈದ್ಯ ವಿಲಿಯಂ ವೈಲ್ಡ್, ಪಶ್ಚಿಮ ಐರ್ಲೆಂಡಿನ ಗುಡಿಸಲೊಂದರಲ್ಲಿ ಇದನ್ನು ಕಣ್ಣಾರೆ ಕಂಡು 1852ರಲ್ಲಿ ಬರೆದ. ಅತಿಥಿಯನ್ನು ನೋಡಲು ಬಂದ ಎಂಟು ವರ್ಷದ ಹುಡುಗ ತಂಗಿಯೊಂದಿಗೆ ಐರಿಷಿನಲ್ಲಿ ಏನೋ ಅಂದ. ಅಪ್ಪನ ಕಣ್ಣು ಕಂಡು ಮುದುರಿಕೊಂಡ. ಅಪ್ಪ ಮಾತಾಡದೆ ಹುಡುಗನ ಬಟ್ಟೆಯೊಳಗಿನಿಂದ ಕೋಲನ್ನು ಎಳೆದು ಚಾಕುವಿನಿಂದ ಒಂದು ಕಚ್ಚು ಕೊರೆದ. ನಿನಗೆ ಐರಿಷ್ ಎಂದರೆ ಪ್ರೀತಿಯಿಲ್ಲವೇ ಎಂದು ಅಪ್ಪನನ್ನು ಕೇಳಿದರೆ, ಇದೆ ಎಂದು ಕಣ್ಣರಳಿಸಿ ಹೇಳಿದ. ಆ ಮನುಷ್ಯನಿಗೆ ಐರಿಷ್ ಬಿಟ್ಟರೆ ಬೇರೆ ಮಾತು ಸರಿಯಾಗಿ ಬರುತ್ತಲೂ ಇರಲಿಲ್ಲ.

ಎಣಿಸಲು ಬಂದವರು

1824ರಲ್ಲಿ ಬ್ರಿಟಿಷ್ ಸರ್ಕಾರ ಐರ್ಲೆಂಡಿನ ಶಿಕ್ಷಣದ ಬಗ್ಗೆ ಆಯೋಗ ನೇಮಿಸಿತು. ಪ್ರತಿ ಊರಿನ ಕ್ಯಾಥೊಲಿಕ್ ಪಾದ್ರಿಯೂ ಪ್ರೊಟೆಸ್ಟಂಟ್ ಪಾದ್ರಿಯೂ ಬೇರೆಬೇರೆಯಾಗಿ ಲೆಕ್ಕ ಕೊಡಬೇಕು. ಎರಡನ್ನೂ ಅಕ್ಕಪಕ್ಕ ಮುದ್ರಿಸಿದರು. ಒಬ್ಬರನ್ನೇ ನಂಬುವ ಧೈರ್ಯ ಯಾರಿಗೂ ಇರಲಿಲ್ಲ. ಒಟ್ಟು 11,823 ಶಾಲೆಗಳು, ಐದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು. ಅವುಗಳಲ್ಲಿ 9,000ಕ್ಕೂ ಹೆಚ್ಚು ಫೀಸಿನಿಂದ ನಡೆಯುವ ಶಾಲೆಗಳು, ಸುಮಾರು 4 ಲಕ್ಷ ಮಕ್ಕಳು. ಇವೇ ಬೇಲಿಶಾಲೆಗಳು. ಸರ್ಕಾರ, ಧರ್ಮಸಂಸ್ಥೆ, ದಾನಿಗಳು ಎಲ್ಲ ಸೇರಿ ಓದಿಸುತ್ತಿದ್ದದ್ದಕ್ಕಿಂತ ಎಷ್ಟೋ ಹೆಚ್ಚು ಮಕ್ಕಳನ್ನು ಹಳ್ಳಿಗರು ತಮ್ಮ ಕಾಸಿನಿಂದ ಓದಿಸುತ್ತಿದ್ದರು.

ಅದೇ ವರ್ಷಗಳಲ್ಲಿ ಅದೇ ಸಾಮ್ರಾಜ್ಯದ ಅಧಿಕಾರಿಗಳು ನಮ್ಮ ಕಡೆಯೂ ಎಣಿಸುತ್ತಿದ್ದರು. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಜಿಲ್ಲಾ ಕಲೆಕ್ಟರುಗಳಿಂದ ಶಾಲೆಗಳ ಪಟ್ಟಿ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ಲೆಕ್ಕ: 533 ಶಾಲೆ, 6,641 ಮಕ್ಕಳು, ಶಾಲೆಗಳಲ್ಲಿ 235 ಕನ್ನಡದವು. ಆಗಿನ ಬಳ್ಳಾರಿ ಜಿಲ್ಲೆ ಈಗಿನ ಆಂಧ್ರದ ಭಾಗಗಳನ್ನೂ ಒಳಗೊಂಡಿತ್ತು, ಜನಸಂಖ್ಯೆ ಒಂಬತ್ತು ಲಕ್ಷ ದಾಟಿತ್ತು. ಐರ್ಲೆಂಡಿನ ಜನಸಂಖ್ಯೆ ಆಗ 68 ಲಕ್ಷ. ಎರಡೂ ಕಡೆ ಸರ್ಕಾರ ಎಣಿಸಿದ್ದು ತಾನು ಕಟ್ಟದ ಶಾಲೆಗಳನ್ನು.

1831ರ ಮೇಲೆ

ಐರ್ಲೆಂಡಿನ ಮುಖ್ಯ ಕಾರ್ಯದರ್ಶಿ ಎಡ್ವರ್ಡ್ ಸ್ಟ್ಯಾನ್ಲಿ 1831ರ ಅಕ್ಟೋಬರಿನಲ್ಲಿ ಬರೆದ ಒಂದು ಪತ್ರದಿಂದ ನ್ಯಾಷನಲ್ ಸ್ಕೂಲ್ ವ್ಯವಸ್ಥೆ ಶುರುವಾಯಿತು. ಎಲ್ಲ ಧರ್ಮದ ಮಕ್ಕಳಿಗೆ ಒಟ್ಟಿಗೆ ಸಾಮಾನ್ಯ ಪಾಠ, ಧರ್ಮದ ಪಾಠ ಬೇರೆ ವೇಳೆಯಲ್ಲಿ. ಮೇಷ್ಟ್ರ ಸಂಬಳದಲ್ಲಿ ಸರ್ಕಾರದ ಪಾಲು, ಡಬ್ಲಿನ್‌ನಲ್ಲಿ ತರಬೇತಿ, ಮುದ್ರಿತ ಪಠ್ಯ, ಇನ್‌ಸ್ಪೆಕ್ಟರ್. ಪಾಠದ ಭಾಷೆ ಇಂಗ್ಲಿಷ್. ಐರಿಷಿಗೆ ಜಾಗವೇ ಇರಲಿಲ್ಲ. ಆ ಪಠ್ಯಪುಸ್ತಕಗಳು ಮುಂದೆ ಕೆನಡಾ, ಆಸ್ಟ್ರೇಲಿಯಾಗಳಿಗೂ ಹೋದವು.

ಬೇಲಿಶಾಲೆಗಳಿಗೆ ಯಾರೂ ಬೀಗ ಹಾಕಲಿಲ್ಲ. ಫೀಸು ಕಡಿಮೆಯಿರುವ, ಗಟ್ಟಿ ಸೂರಿನ ಶಾಲೆ ಪಕ್ಕದಲ್ಲಿ ಬಂದಾಗ ಮಕ್ಕಳು ಅತ್ತ ಸರಿದರು. ಕೆಲವು ಮೇಷ್ಟ್ರುಗಳು ಹೊಸ ವ್ಯವಸ್ಥೆಗೆ ಸೇರಿಕೊಂಡರು. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಬಂದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಫೀಸು ಕೊಡುತ್ತಿದ್ದ ಬಡವರೇ ಇಲ್ಲವಾದ ಮೇಲೆ ಶಾಲೆ ಎಲ್ಲಿಂದ? 1841ರ ಜನಗಣತಿ ಹೇಳುವಂತೆ ಐದು ವರ್ಷ ಮೀರಿದವರಲ್ಲಿ ಶೇಕಡಾ 53 ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಹೊಸ ಶಾಲೆಗಳು ಬಂದು ಇನ್ನೂ ಹತ್ತೇ ವರ್ಷವಾಗಿದ್ದ ಕಾಲದ ಅಂಕಿ ಇದು. ಓದಬಲ್ಲ ಉಳಿದ ವಯಸ್ಕರಲ್ಲಿ ಬಹಳ ಜನ ಕಲಿತದ್ದು ಬೇಲಿಶಾಲೆಯಲ್ಲಿ.

ಈ ನೆನಪುಗಳನ್ನು ಬರೆದಿಟ್ಟವರು ಮಕ್ಕಳು

1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗ ಒಂದು ಅಪರೂಪದ ಕೆಲಸ ಮಾಡಿಸಿತು. ಸುಮಾರು 5,000 ಪ್ರಾಥಮಿಕ ಶಾಲೆಗಳ ದೊಡ್ಡ ತರಗತಿಯ ಮಕ್ಕಳು ವಾರಕ್ಕೊಂದು ವಿಷಯ ಹಿಡಿದು ಮನೆಯ, ನೆರೆಹೊರೆಯ ಹಿರಿಯರನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದು ತರಬೇಕು. ವಿಷಯಗಳ ಪಟ್ಟಿಯಲ್ಲಿ ‘ಹಳೆಯ ಶಾಲೆಗಳು’ ಎಂಬುದೂ ಇತ್ತು. ಸುಮಾರು 50,000 ಮಕ್ಕಳು ಬರೆದ ಪುಟಗಳು ಈಗ ‘ದೂಖಸ್’ ಎಂಬ ಜಾಲತಾಣದಲ್ಲಿ ಊರುವಾರು ತೆರೆದಿವೆ, ಯಾರು ಬೇಕಾದರೂ ಓದಬಹುದು.

ಓದುವಾಗ ಒಂದು ಕೂಡು-ಕಳೆ ಲೆಕ್ಕ ಮನಸ್ಸಿನಲ್ಲಿರಬೇಕು. 1938ರಲ್ಲಿ ಎಂಬತ್ತು ವರ್ಷದ ಅಜ್ಜ ಹುಟ್ಟಿದ್ದು 1858ರಲ್ಲಿ. ಮೇಷ್ಟ್ರ ತಲೆಗೆ ಬಹುಮಾನವಿದ್ದ ಕಾಲವನ್ನು ಅವನಲ್ಲ, ಅವನ ಅಜ್ಜನೂ ಸರಿಯಾಗಿ ಕಂಡಿರಲಾರ. ಆದ್ದರಿಂದ ಸಿಪಾಯಿಗಳು ಬಂದರೆಂಬ ಕಥೆ ಬಾಯಿಂದ ಬಾಯಿಗೆ ಬಂದದ್ದು. ಪೀಟ್ ಹೊತ್ತು ಹೋದದ್ದು, ಕಲ್ಲಿನ ಮೇಲೆ ಕೂತದ್ದು, ಮೇಷ್ಟ್ರು ಸರದಿಯಲ್ಲಿ ಮನೆಗೆ ಉಂಡು ಮಲಗಲು ಬಂದದ್ದು, ಕುತ್ತಿಗೆಯ ಕೋಲು, ಇಂಥ ವಿವರಗಳು ಹೇಳಿದವರ ಸ್ವಂತ ಬಾಲ್ಯದ್ದೋ ಅವರ ತಾಯಿತಂದೆಯರದ್ದೋ ಆಗಿರುವ ಸಾಧ್ಯತೆ ಹೆಚ್ಚು. ಅವುಗಳ ಮೇಲೆ ಭಾರ ಹಾಕಬಹುದು. ಅನೇಕ ಪುಟಗಳಲ್ಲಿ ಹೇಳಿದವರ ವಯಸ್ಸು, ಊರು ನಮೂದಾಗಿವೆ. ಮೊದಲು ಅಲ್ಲಿಗೆ ಕಣ್ಣು ಹಾಯಿಸಿ, ಆಮೇಲೆ ಕಥೆಗೆ ಹೋಗುವುದು ಒಳ್ಳೆಯದು.

ಸಂಗ್ರಹದ ಕೆಲಸ ನಡೆದದ್ದು ಸ್ವತಂತ್ರ ಐರ್ಲೆಂಡಿನ 26 ಕೌಂಟಿಗಳಲ್ಲಿ ಮಾತ್ರ. ಬ್ರಿಟನ್ನಿನೊಂದಿಗೆ ಉಳಿದ ಉತ್ತರದ ಆರು ಕೌಂಟಿಗಳು ಅದರಲ್ಲಿ ಇಲ್ಲ. ಕಾರ್ಲಟನ್ನನ ಟಿರೋನ್ ಆ ಆರರಲ್ಲಿ ಒಂದು. ದಿಬ್ಬ ಕೊರೆದು ಕಟ್ಟಿದ ಅಂಥ ಶಾಲೆಗಳ ಬಗ್ಗೆ ಆ ಕಡೆಯ ಅಜ್ಜಂದಿರು ಏನು ಹೇಳುತ್ತಿದ್ದರೋ, ಅದನ್ನು ಈ ನೋಟ್‌ಬುಕ್ಕುಗಳಿಗೆ ಬರೆದುಕೊಳ್ಳಲು ಅಲ್ಲಿನ ಮಕ್ಕಳಿಗೆ ಯಾರೂ ಹೇಳಿರಲಿಲ್ಲ.